ಎರಡು ಸಲ ಕಾಯಿಸಿದ ಚಿಪ್, ಯಾರೂ ನೋಡದ ಪಿನ್ನು: ಕಾರವಾರದ ಒಂದು ಗೇಮ್ ಕನ್ಸೋಲ್ ಪ್ರಕರಣ

ಕೋಡಿಬಾಗದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ಮನೆಯೊಂದರಿಂದ ಬಂದ ಯಂತ್ರ ಇದು. 2013ರ ನಂತರದ ತಲೆಮಾರಿನ ಗೇಮ್ ಕನ್ಸೋಲ್. ಗೋಡೆಯ ಕರೆಂಟನ್ನು ಯಂತ್ರಕ್ಕೆ ಒಗ್ಗಿಸುವ ಪವರ್ ಸಪ್ಲೈ ಹೊರಗೆ ಬೇರೆಯಾಗಿರದೆ ಪೆಟ್ಟಿಗೆಯೊಳಗೇ ಕುಳಿತಿರುವ ಮಾದರಿ. ತಯಾರಿಸಿದ ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಕಂಪನಿಯ ತಪ್ಪೇನೂ ಇಲ್ಲ. ನನ್ನ ಬಳಿ ಬರುವ ಮೊದಲು ಯಂತ್ರಕ್ಕೆ ಎರಡು ಬಾರಿ ರಿಪೇರಿ ಆಗಿತ್ತು. ಎರಡೂ ಬಾರಿ ಹೇಳಿದ್ದು ಒಂದೇ ಮಾತು: ‘ಬಾಲ್ ಬಿಟ್ಟಿದೆ, ರಿಬಾಲ್ ಮಾಡಬೇಕು.’ ಎರಡೂ ಬಾರಿ ಯಂತ್ರ ಸರಿಯಾಯಿತು, ಎರಡೂ ಬಾರಿ ಮತ್ತೆ ಕೆಟ್ಟಿತು. ಮದ್ದು ಹಿಡಿಯಿತು ಎಂಬ ಒಂದೇ ಕಾರಣಕ್ಕೆ ರೋಗವೂ ಅದೇ ಎಂದು ಎಲ್ಲರೂ ನಂಬಿದ್ದರು. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ.

ಬಾಲ್ ಎಂದರೆ ಮುಖ್ಯ ಚಿಪ್‌ನ ಅಡಿಯಲ್ಲಿ ಸಾಲುಸಾಲಾಗಿ ಕುಳಿತಿರುವ ಬೆಸುಗೆಯ ಪುಟ್ಟ ಗುಂಡುಗಳು. ಚಿಪ್‌ಗೂ ಬೋರ್ಡಿಗೂ ನಡುವಿನ ವ್ಯವಹಾರವೆಲ್ಲ ಅವುಗಳ ಮೂಲಕವೇ. ರಿಬಾಲ್ ಎಂದರೆ ಚಿಪ್ ಅನ್ನು ಕಾಯಿಸಿ ಎಬ್ಬಿಸಿ, ಹಳೆಯ ಗುಂಡುಗಳನ್ನು ಪೂರ್ತಿ ತೆಗೆದು, ಹೊಸದನ್ನು ಕೂರಿಸಿ ಮತ್ತೆ ಬೆಸೆಯುವುದು. ಇಷ್ಟು ಶ್ರಮ ಪಡದೆ, ಚಿಪ್ ಅನ್ನು ಎಬ್ಬಿಸದೆಯೇ ಮೇಲಿನಿಂದ ಬಿಸಿಗಾಳಿ ಹಿಡಿದು ‘ರಿಬಾಲ್ ಆಯಿತು’ ಎನ್ನುವವರೂ ಬೇಕಾದಷ್ಟಿದ್ದಾರೆ. ಈ ಯಂತ್ರಕ್ಕೆ ಆಗಿದ್ದು ಅದೇ. ಚಿಪ್‌ನ ಸುತ್ತ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಒಣಗಿ ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿದಿತ್ತು. ನಾಲ್ಕು ಮೂಲೆಗಳಲ್ಲಿ ಕಾರ್ಖಾನೆಯಲ್ಲಿ ಹಾಕಿದ ಅಂಟು ಕದಲಿರಲಿಲ್ಲ. ಅಂಟು ಕದಲದೆ ಚಿಪ್ ಏಳುವುದಿಲ್ಲ.

ಮನೆಯವರು ಹೇಳಿದ್ದು

ನಾನು ಆಟದ ಯಂತ್ರಗಳ ರಿಪೇರಿಗೆಂದೇ ಕುಳಿತವನಲ್ಲ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಇನ್ವರ್ಟರ್, ಟಿವಿ ಬೋರ್ಡು, ಮತ್ತು ಬೈತಖೋಲ ಬಂದರಿನ ಬೋಟುಗಳ ಜಿಪಿಎಸ್, ಫಿಶ್‌ಫೈಂಡರ್, ವೈರ್‌ಲೆಸ್ ಸೆಟ್ಟು. ಆ ಕಾರಣಕ್ಕೇ ಈ ಯಂತ್ರ ನನ್ನ ಬಳಿ ಬಂತು ಎನ್ನಬೇಕು. ಯಜಮಾನರು ಬ್ಯಾಂಕ್ ನೌಕರರು; ಯಂತ್ರವನ್ನು ಮೇಜಿನ ಮೇಲಿಟ್ಟು, “ಮಾರಾಯರೇ, ಇದನ್ನು ಇನ್ನೊಮ್ಮೆ ಘಟ್ಟ ಹತ್ತಿಸುವ ಶಕ್ತಿ ನನಗಿಲ್ಲ. ಆದರೆ ಆಯಿತು, ಇಲ್ಲದಿದ್ದರೆ ಗುಜರಿಗೆ” ಎಂದರು. ಎರಡು ರಿಪೇರಿಗೆ ಕೊಟ್ಟ ಹಣ ಕೂಡಿದರೆ ಅದೇ ಮಾದರಿಯ ಬಳಸಿದ ಯಂತ್ರದ ಅರ್ಧ ಬೆಲೆಯಾಗುತ್ತಿತ್ತು.

ನಿಜವಾದ ಮಾಹಿತಿ ಕೊಟ್ಟದ್ದು ಮಗ, ಪಿಯುಸಿ ಓದುವ ಹುಡುಗ. “ಅಂಕಲ್, ಬೆಳಿಗ್ಗೆ ಆನ್ ಆಗುವುದಿಲ್ಲ. ಬೀಪ್ ಎನ್ನುತ್ತದೆ, ದೀಪ ಹತ್ತುತ್ತದೆ, ಆರಿಹೋಗುತ್ತದೆ. ಹತ್ತಾರು ಸಲ ಒತ್ತಿದ ಮೇಲೆ ಹೇಗೋ ಆಗುತ್ತದೆ. ಒಮ್ಮೆ ಆದ ಮೇಲೆ ಎಷ್ಟು ಹೊತ್ತು ಆಡಿದರೂ ತೊಂದರೆ ಇಲ್ಲ.” ಕೆಟ್ಟದ್ದು ಯಾವ ತಿಂಗಳು ಎಂದು ಕೇಳಿದೆ. ಮೊದಲ ಬಾರಿ ಜೂನ್ ಕೊನೆ, ಎರಡನೇ ಬಾರಿ ಮರುವರ್ಷದ ಜುಲೈ. ಮೊದಲ ರಿಪೇರಿಯ ನಂತರ ದೀಪಾವಳಿ, ಬೇಸಿಗೆ ರಜೆ ಎಲ್ಲ ದಾಟಿ ಯಂತ್ರ ಚೆನ್ನಾಗಿಯೇ ನಡೆದಿತ್ತು. ಎರಡನೆಯದು ಕೆಲವೇ ವಾರ ಬಾಳಿತು. ನಡುವೆ ಬೇಸಿಗೆ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ಚಿಪ್‌ನ ಮೇಲಿನ ಅನುಮಾನ ನನ್ನ ಮಟ್ಟಿಗೆ ಹಿಂದಕ್ಕೆ ಸರಿಯಿತು. ಬಿಸಿಯಿಂದ ನರಳುವ ಯಂತ್ರ ಮೇ ತಿಂಗಳಲ್ಲಿ ಕೆಡಬೇಕು, ಭಾರದ ಆಟ ಆಡುವಾಗ ಕೆಡಬೇಕು, ಫ್ಯಾನು ಕೂಗಿ ಕೂಗಿ ಕೆಡಬೇಕು. ಇದು ಮೇ ತಿಂಗಳನ್ನು ನಗುನಗುತ್ತ ಕಳೆದು, ಮಳೆ ಹಿಡಿದ ಮೇಲೆ, ಅದೂ ತಣ್ಣಗಿರುವಾಗ ಹಟ ಮಾಡುತ್ತಿದೆ. ಬೆಸುಗೆ ಬಿರುಕು ಬಿಟ್ಟಿದ್ದರೂ ತಣ್ಣಗಿರುವಾಗ ತೊಂದರೆ ಕೊಡಬಹುದು, ಒಪ್ಪುತ್ತೇನೆ. ಆದರೆ ಬಿರುಕಿಗೆ ಪಂಚಾಂಗ ಗೊತ್ತಿರುವುದಿಲ್ಲ.

ಬಾಲ್ ಎಂಬ ಮಾತು ಬಂದದ್ದು ಎಲ್ಲಿಂದ

ಹಿಂದಿನ ರಿಪೇರಿಯವರನ್ನು ಪೂರ್ತಿ ದೂರುವಂತಿಲ್ಲ. ಕನ್ಸೋಲ್ ಎಂದ ಕೂಡಲೇ ಬಾಲ್ ನೆನಪಾಗುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. 2005ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಕೆಟ್ಟಾಗ ಮುಂಭಾಗದ ಬಟನ್ನಿನ ಸುತ್ತ ನಾಲ್ಕರಲ್ಲಿ ಮೂರು ಭಾಗ ಕೆಂಪು ದೀಪ ಮಿನುಗುತ್ತಿತ್ತು. ಹಾಗೆ ಕೆಟ್ಟವು ಎಷ್ಟೆಂದರೆ, 2007ರ ಜುಲೈಯಲ್ಲಿ ಕಂಪನಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದರ ಖರ್ಚಿಗೆಂದು 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸದ ಬಳಕೆಗೆ ನಿರ್ಬಂಧ ಬಂದು ಇಡೀ ಉದ್ಯಮ ಸೀಸವಿಲ್ಲದ ಬೆಸುಗೆಗೆ ಹೊರಳಿದ ಕಾಲವೂ ಅದೇ. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಹೊಸದಕ್ಕೆ 217 ಡಿಗ್ರಿಯಾದರೂ ಬೇಕು, ಮೇಲಾಗಿ ಅದು ಹೆಚ್ಚು ಬಿರುಸು. ಎಲ್ಲ ತಪ್ಪನ್ನೂ ಆ ಬೆಸುಗೆಯ ತಲೆಗೆ ಕಟ್ಟಿ, ಯಂತ್ರಕ್ಕೆ ಟವಲ್ ಸುತ್ತಿ ತನ್ನ ಬಿಸಿಯಲ್ಲಿ ತಾನೇ ಬೇಯುವಂತೆ ಮಾಡುವ ‘ಟವಲ್ ಉಪಾಯ’ ಊರೂರು ಹಬ್ಬಿತು. ಟವಲ್ ಸುತ್ತಿದ ಯಂತ್ರ ಕೆಲವು ದಿನ ನಡೆಯುತ್ತಲೂ ಇತ್ತು.

ಟವಲಿನೊಳಗೆ ಎಷ್ಟೇ ಬೆಂದರೂ 217 ಡಿಗ್ರಿ ಮುಟ್ಟುವುದಿಲ್ಲ. ಬೆಸುಗೆ ಕರಗದೆ ಯಂತ್ರ ಹೇಗೆ ಎದ್ದಿತು ಎಂದು ಕೇಳಿದವರು ಕಡಿಮೆ. 2021ರಲ್ಲಿ ಮೈಕ್ರೋಸಾಫ್ಟ್ ತಾನೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಅದರ ಎಂಜಿನಿಯರುಗಳು ಹೇಳಿದ್ದು ಬೇರೆಯೇ: ಯಂತ್ರವನ್ನು ಆನ್ ಮಾಡಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಹೀಗೆ ಕಾದು ತಣಿಯುವ ಸೆಳೆತಕ್ಕೆ ಘಟಕದ ಒಳಗಿನ ಸಂಪರ್ಕಗಳೇ ಮುರಿಯುತ್ತಿದ್ದವು. ಬೋರ್ಡಿಗೂ ಚಿಪ್‌ಗೂ ನಡುವಿನ ದೊಡ್ಡ ಗುಂಡುಗಳ ಮಾತಲ್ಲ ಅದು. ಒಳಗೆ ಮುರಿದದ್ದನ್ನು ಹೊರಗಿನ ಗುಂಡು ಬದಲಿಸಿ ಸರಿಮಾಡಲಾಗದು. ಹಾಗಾದರೆ ರಿಬಾಲ್ ಮಾಡಿದಾಗ ಅಷ್ಟು ಯಂತ್ರಗಳು ಕೆಲ ಕಾಲ ಬದುಕಿದ್ದು ಏಕೆ? ಕಾಯಿಸಿದಾಗ ಒಳಗಿನ ಮುರುಕು ತುದಿಗಳು ಹಿಗ್ಗಿ ಒಂದನ್ನೊಂದು ತಾಕಿದವು, ಅಷ್ಟೆ. ಮಾಡಿದ ಕೆಲಸ ಒಂದು, ಗುಣ ಕೊಟ್ಟದ್ದು ಅದರ ಜೊತೆಗೆ ಆದ ಇನ್ನೊಂದು.

ಇದಕ್ಕಿಂತ ಹಳೆಯ ಉದಾಹರಣೆ ನಮ್ಮ ತೊಂಬತ್ತರ ದಶಕದ ಮಕ್ಕಳಿಗೆಲ್ಲ ಗೊತ್ತು. ಟಿವಿ ಗೇಮಿನ ಕ್ಯಾಸೆಟ್ ಓಡದಿದ್ದರೆ ತೆಗೆದು, ಬಾಯಿಯಿಂದ ಊದಿ, ಮತ್ತೆ ಸಿಕ್ಕಿಸುತ್ತಿದ್ದೆವು, ಓಡುತ್ತಿತ್ತು. ಊದಿದ್ದರಿಂದ ಓಡಿತು ಎಂದು ಎಷ್ಟೋ ಜನ ಇಂದಿಗೂ ಆಣೆ ಇಟ್ಟು ಹೇಳಿಯಾರು. ಗುಣ ಕೊಟ್ಟದ್ದು ತೆಗೆದು ಮತ್ತೆ ಸಿಕ್ಕಿಸಿದ್ದು. ಪಿನ್ನು ಪಿನ್ನಿಗೆ ಉಜ್ಜಿ ಹೊಸ ಸಂಪರ್ಕ ಸಿಗುತ್ತಿತ್ತು. ಊದಿದ ಉಸಿರಿನ ತೇವ ಆ ಪಿನ್ನುಗಳನ್ನು ಇನ್ನಷ್ಟು ಕೆಡಿಸುತ್ತಿತ್ತು. ನಿಂಟೆಂಡೊ ಕಂಪನಿಯೂ ಊದಬೇಡಿ ಎಂದೇ ಹೇಳಿತ್ತು.

ಬಿಚ್ಚಿದಾಗ ಕಂಡದ್ದು

ಮೊದಲು ಒಂದು ಎಚ್ಚರಿಕೆ. ಪವರ್ ಸಪ್ಲೈಯಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸುಮ್ಮನಿರುವುದಿಲ್ಲ. 230 ವೋಲ್ಟ್ ಎಸಿಯನ್ನು ಡಿಸಿಗೆ ತಿರುಗಿಸಿದರೇ 325 ವೋಲ್ಟ್. ಈ ದರ್ಜೆಯ ಸಪ್ಲೈಗಳಲ್ಲಿ ಅದನ್ನು ಇನ್ನೂ ಏರಿಸಿ 380ರ ಆಸುಪಾಸು ಇಟ್ಟಿರುತ್ತಾರೆ. ಹುಡುಗ ತಾನೂ ಪಕ್ಕದಲ್ಲಿ ಕುಳಿತು ಸ್ಕ್ರೂ ಬಿಚ್ಚುತ್ತೇನೆ ಎಂದ; ಸಪ್ಲೈಯ ಕವಚದ ವರೆಗೆ ಬಿಟ್ಟೆ, ಮುಂದಕ್ಕೆ ಬಿಡಲಿಲ್ಲ.

ಮೇಲಿನ ಮುಚ್ಚಳ ತೆಗೆದರೆ ಫ್ಯಾನಿನ ಸುತ್ತ ಧೂಳು. ಒಣ ಊರಿನ ಧೂಳು ಬ್ರಷ್ ತಾಕಿಸಿದರೆ ಹಾರುತ್ತದೆ. ಇದು ಒದ್ದೆ ಕಂಬಳಿಯ ಹಾಗೆ ಹಾಳೆಹಾಳೆಯಾಗಿ ಎದ್ದುಬಂತು. ಗಾಳಿ ಒಳಗೆ ಬರುವ ಬದಿಯ ಸ್ಕ್ರೂಗಳ ತಲೆ ತುಕ್ಕು ಹಿಡಿದಿತ್ತು; ಎದುರು ಬದಿಯವು ಹೊಳೆಯುತ್ತಿದ್ದವು. ಅದೇ ಬದಿಯಲ್ಲಿ ಉಕ್ಕಿನ ಕವಚದ ಮೇಲೆ ಕಂದು ಚುಕ್ಕೆಗಳು. ಬೋಟಿನ ವೈರ್‌ಲೆಸ್ ಸೆಟ್ಟುಗಳಲ್ಲಿ ನಾನು ದಿನಾ ನೋಡುವ ಚಿತ್ರ ಇದು. ಗಾಳಿಗೆ ಉಪ್ಪು ಸೇರಿದೆ, ಫ್ಯಾನು ಅದನ್ನು ವರ್ಷಗಟ್ಟಲೆ ಒಳಗೆ ಎಳೆದು ತಂದಿದೆ.

ಉಪ್ಪು ತಾನಾಗಿ ಒಣಗಿ ಕುಳಿತರೆ ತೊಂದರೆ ಕಡಿಮೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಅಷ್ಟೂ ಬೇಡ, ಶೇ 33 ಸಾಕು. ಕಾರವಾರದ ಮಳೆಗಾಲದಲ್ಲಿ ಆರ್ದ್ರತೆ 75ಕ್ಕಿಂತ ಕೆಳಗೆ ಇಳಿಯುವ ಗಂಟೆಗಳೇ ಅಪರೂಪ. ಅಂದರೆ ಜೂನಿನಿಂದ ಸೆಪ್ಟೆಂಬರ್ ವರೆಗೆ, ಯಂತ್ರ ಆರಿ ತಣ್ಣಗಿರುವ ಹೊತ್ತಿನಲ್ಲೆಲ್ಲ, ಬೋರ್ಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪದರ ಇರುತ್ತದೆ. ಯಂತ್ರ ಓಡುತ್ತಿದ್ದರೆ ತನ್ನ ಬಿಸಿಗೆ ತಾನೇ ಒಣಗುತ್ತದೆ.

ಸಪ್ಲೈಯನ್ನು ಎತ್ತಿದಾಗ ಮೂಲ ಸಿಕ್ಕಿತು. ಈ ಮಾದರಿಯಲ್ಲಿ ಸಪ್ಲೈಯಿಂದ ಬೋರ್ಡಿಗೆ 12 ವೋಲ್ಟ್ ಹೋಗುವುದು ಎರಡು ದಪ್ಪ ಲೋಹದ ಪಿನ್ನುಗಳ ಮೂಲಕ; ಅವು ಸಪ್ಲೈಯ ಸೀಳಿನೊಳಗೆ ನೇರ ಕೂರುತ್ತವೆ, ತಂತಿ ಇಲ್ಲ. ಪಿನ್ನಿನ ಬುಡ ಬೆಳ್ಳಗೆ ಹೊಳೆಯುತ್ತಿತ್ತು. ಸೀಳಿನೊಳಗೆ ಕೂರುವ ಭಾಗ ಮಾತ್ರ ಮಸಿ ಹಿಡಿದಂತೆ ಕಪ್ಪು, ಅದರ ಅಂಚಿನಲ್ಲಿ ಹಸಿರು ಪುಡಿ. ಭೂತಗನ್ನಡಿಯಲ್ಲಿ ನೋಡಿದರೆ ಆ ಕಪ್ಪಿನ ನಡುವೆ ಉದ್ದಕ್ಕೆ ಎರಡು ಮೂರು ಗೀರು, ಗೀರಿನೊಳಗೆ ಮಾತ್ರ ಲೋಹದ ಬಣ್ಣ. ಹಿಂದಿನವರು ಸಪ್ಲೈಯನ್ನು ತೆಗೆದು ಮತ್ತೆ ಕೂರಿಸುವಾಗ ಉಜ್ಜಿದ ಗೀರುಗಳು ಅವು.

ಇಡೀ ಪ್ರಕರಣ ಆ ಗೀರುಗಳಲ್ಲಿತ್ತು. ಬೋರ್ಡನ್ನು ಬಿಸಿಗಾಳಿಗೆ ಒಡ್ಡಬೇಕಾದರೆ ಸಪ್ಲೈಯನ್ನು ಕಳಚಲೇಬೇಕು, ಮುಗಿದ ಮೇಲೆ ಸಿಕ್ಕಿಸಲೇಬೇಕು. ಕಳಚುವಾಗ ಸಿಕ್ಕಿಸುವಾಗ ಪಿನ್ನು ಉಜ್ಜಿ ಸಂಪರ್ಕ ತಾತ್ಕಾಲಿಕವಾಗಿ ಸುಧಾರಿಸಿತು. ನಡುವೆ ಬಿಸಿಗಾಳಿ ಬೋರ್ಡನ್ನೆಲ್ಲ ಒಣಗಿಸಿತು. ಚಿಪ್‌ಗೆ ಮಾಡಿದ ಚಿಕಿತ್ಸೆಯ ಲೆಕ್ಕಕ್ಕೆ ಈ ಎರಡೂ ಪುಣ್ಯ ಜಮೆಯಾದವು.

ಲೆಕ್ಕವೂ ಸುಲಭ. ಆಟದ ವೇಳೆ ಇಂಥ ಯಂತ್ರ ನೂರು ವ್ಯಾಟ್ ದಾಟುತ್ತದೆ. 12 ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ 10 ಆಂಪಿಯರ್. ಪಿನ್ನಿನ ಕಪ್ಪು ಪದರ ಬರೀ 0.05 ಓಮ್ ತಡೆ ಒಡ್ಡಿದರೂ ಅರ್ಧ ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ, 5 ವ್ಯಾಟ್ ಶಾಖವಾಗಿ ಆ ಪಿನ್ನಿನಲ್ಲೇ ಕರಗುತ್ತದೆ. ತೇವದಲ್ಲಿ ತಡೆ ಇನ್ನೂ ಏರುಪೇರಾಗುತ್ತದೆ. ಬೋರ್ಡು ಎಚ್ಚರಗೊಂಡು ಒಮ್ಮೆಲೇ ಕರೆಂಟು ಎಳೆದಾಗ ವೋಲ್ಟೇಜ್ ಕುಸಿದು, ಕಾವಲಿಗಿರುವ ಸರ್ಕಿಟ್ ಎಲ್ಲವನ್ನೂ ಆರಿಸುತ್ತದೆ. ಹುಡುಗ ಹತ್ತಾರು ಸಲ ಒತ್ತಿದಾಗ ನಡೆಯುತ್ತಿದ್ದುದು ಬೇರೇನಲ್ಲ, ಪ್ರತಿ ಒತ್ತಿಗೂ ಆ ಪಿನ್ನು ಸ್ವಲ್ಪ ಸ್ವಲ್ಪ ಕಾಯುತ್ತಿತ್ತು.

ಅನುಮಾನವನ್ನು ಸಾಬೀತು ಮಾಡಿದ ಬಗೆ

ಇಲ್ಲಿಗೇ ನಿಲ್ಲಿಸಿ ಪಿನ್ನು ಒರೆಸಿ ಕಳುಹಿಸಿದ್ದರೆ ನಾನೂ ಹಿಂದಿನವರ ಸಾಲಿಗೇ ಸೇರುತ್ತಿದ್ದೆ. ಒರೆಸಿದ್ದರಿಂದ ಸರಿಯಾಯಿತೋ, ಬಿಚ್ಚಿ ಜೋಡಿಸಿದ್ದರಿಂದಲೋ ಎಂದು ಹೇಗೆ ಗೊತ್ತಾಗಬೇಕು?

ಮೊದಲು ಸಪ್ಲೈ ಒಂದನ್ನೇ ಪರೀಕ್ಷಿಸಿದೆ. ಆನ್ ಸಂಕೇತ ಕೊಟ್ಟು, ಕಾರಿನ ಹೆಡ್‌ಲೈಟಿನ 12 ವೋಲ್ಟ್ 55 ವ್ಯಾಟಿನ ಎರಡು ಹ್ಯಾಲೊಜನ್ ಬಲ್ಬುಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಸಪ್ಲೈಯಿಂದ ಕರೆಂಟು ಎಳೆಯಲು 110 ವ್ಯಾಟಿನ ಅಗ್ಗದ ಲೋಡು ಸಿಗುತ್ತದೆ. ಎರಡನ್ನೂ ಒಟ್ಟಿಗೆ ಹೊತ್ತಿಸಬಾರದು. ತಣ್ಣಗಿರುವ ಬಲ್ಬು ಮೊದಲ ಕ್ಷಣದಲ್ಲಿ ಹತ್ತು ಪಟ್ಟಿನಷ್ಟು ಕರೆಂಟು ಎಳೆದು ಒಳ್ಳೆಯ ಸಪ್ಲೈಯನ್ನೂ ಬೀಳಿಸುತ್ತದೆ. ಒಂದಾದ ಮೇಲೆ ಒಂದು ಹೊತ್ತಿಸಿದೆ. ಸಪ್ಲೈ 12 ವೋಲ್ಟನ್ನು ಅಲುಗಾಡದೆ ಹಿಡಿದು ನಿಂತಿತು.

ನಂತರ ಏನನ್ನೂ ಸ್ವಚ್ಛಗೊಳಿಸದೆ, ಕಾಯಿಸದೆ, ಸಪ್ಲೈಯನ್ನು ಹಾಗೆಯೇ ಮತ್ತೆ ಕೂರಿಸಿ ಬಟನ್ ಒತ್ತಿದೆ. ಒಂದೇ ಒತ್ತಿಗೆ ಎದ್ದಿತು! ಹುಡುಗನ ಮುಖ ಅರಳಿತು. “ಸರಿಯಾಯಿತಲ್ಲ ಅಂಕಲ್” ಎಂದ. ಅದನ್ನು ಆರಿಸಿ, ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎತ್ತರಿಸಿ ಇಟ್ಟು, ಜೊತೆಗೆ ಹಿಂಡಿದ ಒದ್ದೆ ಬಟ್ಟೆಯೊಂದನ್ನು ಇಟ್ಟು ಮುಚ್ಚಿದೆ. ರಾತ್ರಿಯಿಡೀ ಹಾಗೆ ಇದ್ದ ಯಂತ್ರ ಬೆಳಿಗ್ಗೆ ಬೀಪ್ ಎಂದು ಆರಿಹೋಯಿತು. ಪಿನ್ನಿನ ಎರಡೂ ಬದಿಗೆ ಮೀಟರ್ ಹಿಡಿದು ಒತ್ತಿದಾಗಲೆಲ್ಲ ಮುಳ್ಳು ಜಿಗಿಯುತ್ತಿತ್ತು. ಇಂಥ ಕೆಲಸಕ್ಕೆ ನನಗೆ ಡಿಜಿಟಲ್‌ಗಿಂತ ಹಳೆಯ ಮುಳ್ಳಿನ ಮೀಟರ್ ಇಷ್ಟ. ಅಂಕಿ ಓದುವಷ್ಟರಲ್ಲಿ ಘಟನೆ ಮುಗಿದಿರುತ್ತದೆ, ಮುಳ್ಳಿನ ಜಿಗಿತ ಕಣ್ಣಿಗೆ ಬೀಳುತ್ತದೆ.

ಆಮೇಲೆ ಸ್ವಚ್ಛಗೊಳಿಸಿದೆ. ರಿಪೇರಿಯವರೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿಗೆ ಕೈ ಹಾಕುತ್ತಾರೆ. ಫ್ಲಕ್ಸಿಗೆ ಅದು ಸರಿ, ಉಪ್ಪಿಗಲ್ಲ. ಉಪ್ಪು ಆಲ್ಕೋಹಾಲಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು; ಬ್ರಷ್ಷಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ, ಅಷ್ಟೆ. ಬೋಟಿನ ಸೆಟ್ಟುಗಳಿಗೆ ಮಾಡುವಂತೆಯೇ ಮಾಡಿದೆ: ಕ್ಲಾಕ್ ಬ್ಯಾಟರಿ ತೆಗೆದು, ಮೊದಲು ಆಲ್ಕೋಹಾಲಿನಿಂದ ಹಳೆಯ ಫ್ಲಕ್ಸ್, ನಂತರ ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಿಂದ ಉಪ್ಪು, ಮತ್ತೆ ಆ ನೀರನ್ನು ಹೊರದೂಡಲು ಆಲ್ಕೋಹಾಲ್, ಕೊನೆಗೆ ಬಲ್ಬಿನ ಬಿಸಿಯಲ್ಲಿ ಒಣಗಿಸುವುದು. ನಲ್ಲಿ ನೀರು, ಬಾವಿ ನೀರು ಕೂಡದು. ಕೋಡಿಬಾಗದ ಬಾವಿ ನೀರಂತೂ ಕೂಡಲೇ ಕೂಡದು. ಪಿನ್ನುಗಳನ್ನು ಫೈಬರ್ ಪೆನ್ನಿನಿಂದ ಮೆಲ್ಲಗೆ ಉಜ್ಜಿ, ಸಪ್ಲೈಯ ಸೀಳಿನೊಳಗಿನ ಸ್ಪ್ರಿಂಗ್ ಪಟ್ಟಿಗಳನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಸುತ್ತ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸಿನ ತೆಳು ಲೇಪ ಕೊಟ್ಟೆ. ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟನ್ನೂ ಬದಲಿಸಿದೆ. ಒಣಗಿ ಸುಣ್ಣದ ಪುಡಿಯಾಗಿತ್ತು.

ಮತ್ತೆ ಅದೇ ಡಬ್ಬಿ, ಅದೇ ಒದ್ದೆ ಬಟ್ಟೆ, ಅದೇ ರಾತ್ರಿಯ ಅವಧಿ. ಬೆಳಿಗ್ಗೆ ಒಂದೇ ಒತ್ತಿಗೆ ಎದ್ದಿತು. ಮೀಟರಿನ ಮುಳ್ಳು ಮಿಸುಕಾಡಲಿಲ್ಲ. ಯಂತ್ರವನ್ನು ಕೂಡಲೇ ಕೊಡದೆ ಆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ನೋಡಿದೆ. ಯಜಮಾನರಿಗೆ ಇದು ಅತಿಯೆನಿಸಿರಬೇಕು.

ಕಾಯಿಸಿದ್ದರಿಂದ ಆದ ಹಾನಿ

ಬೇಡದ ಚಿಕಿತ್ಸೆ ವ್ಯರ್ಥ ಖರ್ಚಿನಲ್ಲೇ ಮುಗಿಯುವುದಿಲ್ಲ. ಒರೆಸದೆ ಬಿಟ್ಟ ಫ್ಲಕ್ಸ್ ತೇವ ಹೀರುತ್ತದೆ, ಉಪ್ಪು ಅದಕ್ಕೆ ಅಂಟಿಕೊಳ್ಳುತ್ತದೆ. ಎರಡನೇ ರಿಪೇರಿ ಮೊದಲನೆಯದಕ್ಕಿಂತ ಬೇಗ ಕೈಕೊಟ್ಟದ್ದರಲ್ಲಿ ಇದರ ಪಾಲೂ ಇದ್ದೀತು. ಇದಕ್ಕಿಂತ ಕೆಟ್ಟದ್ದು ಚಿಪ್‌ನ ಒಳಗಿನದು. ಚಿಪ್‌ನ ಪ್ಯಾಕೇಜ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಅದನ್ನು ಒಮ್ಮೆಲೇ 200 ಡಿಗ್ರಿ ಮೀರಿ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಪದರಗಳನ್ನು ಸೀಳುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ತೇವ ಹಿಡಿದ ಚಿಪ್‌ಗಳನ್ನು ಮೊದಲು 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಜುಲೈಯಲ್ಲಿ ಕಾರವಾರದಿಂದ ಘಟ್ಟ ಹತ್ತಿ ಹೋದ ಬೋರ್ಡಿಗಿಂತ ತೇವ ಹಿಡಿದ ಬೋರ್ಡು ಬೇರೆ ಬೇಕೆ? ಅದನ್ನು ಯಾರಾದರೂ ಮೊದಲು ಒಣಗಿಸಿದ್ದರೆಂದು ನಂಬಲು ನನ್ನ ಬಳಿ ಕಾರಣವಿಲ್ಲ. ಚಿಪ್ ಈಗ ಕೆಲಸ ಮಾಡುತ್ತಿದೆ. ಅದರ ಆಯಸ್ಸು ಎಷ್ಟು ತಿಂದುಹೋಗಿದೆ ಎಂದು ಹೊರಗಿನಿಂದ ಹೇಳಲಾಗದು, ಯಜಮಾನರಿಗೂ ಹಾಗೆಯೇ ಹೇಳಿದೆ.

ಯಂತ್ರ ಇರುವ ಜಾಗ

ಕೊಡಲು ಅವರ ಮನೆಗೇ ಹೋದೆ. ಟಿವಿ ಷೋಕೇಸು ಪಡುವಣ ಕಿಟಕಿಯ ಕೆಳಗಿತ್ತು. ಮಳೆ ಜೋರಾದಾಗ ಮಾತ್ರ ಆ ಕಿಟಕಿ ಮುಚ್ಚುತ್ತಾರೆ. ಆಡದ ಹೊತ್ತಿನಲ್ಲಿ ಧೂಳು ಬೀಳಬಾರದೆಂದು ಯಂತ್ರಕ್ಕೆ ಪ್ಲಾಸ್ಟಿಕ್ ಕವರ್ ಹೊದಿಸುತ್ತಿದ್ದರು. ಒಳಗಿನ ತೇವ ಹೊರಗೆ ಹೋಗದಂತೆ ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕವರ್ ತೆಗೆಸಿ, ಯಂತ್ರವನ್ನು ಒಳಗೋಡೆಯ ಕಡೆಗೆ ಸರಿಸಿದೆವು.

ಮಳೆಗಾಲದಲ್ಲಿ ಅದನ್ನು ಪೂರ್ತಿ ಆರಿಸದೆ ಸ್ಟ್ಯಾಂಡ್‌ಬೈಯಲ್ಲಿ ಇಡಿ ಎಂದೆ. ನಮ್ಮ ಕಡೆ ಬಟ್ಟೆ ಕಪಾಟಿನಲ್ಲಿ ಬೂಸ್ಟು ಬಾರದಂತೆ ಝೀರೋ ಬಲ್ಬು ಹೊತ್ತಿಸಿಡುವುದು ಅಮ್ಮಂದಿರಿಗೆಲ್ಲ ಗೊತ್ತಿರುವ ವಿಷಯ. ಇದೂ ಅದೇ ಕೆಲಸ. “ಗುಡುಗು ಸಿಡಿಲು ಇರುವಾಗ ಪ್ಲಗ್ ಕೀಳಬೇಕು ಎನ್ನುತ್ತಾರಲ್ಲ?” ಎಂದು ಮನೆಯಾಕೆ ಕೇಳಿದರು. ಕೀಳಲೇಬೇಕು. ಆದರೆ ಕರಾವಳಿಯಲ್ಲಿ ಸಿಡಿಲಿನ ಹಾವಳಿ ಹೆಚ್ಚು ಇರುವುದು ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ಸಂಜೆಗಳಲ್ಲಿ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ. ಜುಲೈಯ ಜಡಿಮಳೆಯಲ್ಲಿ ಅದು ಕಡಿಮೆ. ತೇವದ ಕಾಲವೂ ಸಿಡಿಲಿನ ಕಾಲವೂ ಬಹುಮಟ್ಟಿಗೆ ಬೇರೆ ಬೇರೆಯಾಗಿರುವುದು ಇಂಥ ಯಂತ್ರಗಳ ಅದೃಷ್ಟ. ಪ್ಲಗ್ ಕೀಳುವಾಗ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲನ್ನೂ, ಡಿಶ್ಶಿನ ಕೇಬಲನ್ನೂ ಕೀಳಬೇಕೆಂದು ಸೇರಿಸಿದೆ. ಛಾವಣಿಯ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಕನ್ಸೋಲಿಗೆ ಹರಿದು ಬಂದ ಹೊಡೆತಕ್ಕೆ ಎಚ್‌ಡಿಎಂಐ ಚಿಪ್ ಸುಟ್ಟಿರುವುದನ್ನು ಬೇರೆ ಯಂತ್ರಗಳಲ್ಲಿ ಕಂಡಿದ್ದೇನೆ.

ಆ ಮಳೆಗಾಲದ ಉಳಿದ ದಿನಗಳನ್ನೂ, ಅದರ ಮರುವರ್ಷದ ಮಳೆಗಾಲವನ್ನೂ ಯಂತ್ರ ತಕರಾರಿಲ್ಲದೆ ಕಳೆದಿದೆ. ಮುಂದೊಂದು ದಿನ ಚಿಪ್ ನಿಜವಾಗಿಯೇ ಕೈಕೊಟ್ಟರೆ ರಿಬಾಲಿಗೆ ಹಣ ಹಾಕಬೇಡಿ, ಆ ದುಡ್ಡನ್ನು ಬಳಸಿದ ಯಂತ್ರಕ್ಕೆ ಹಾಕೋಣ ಎಂದು ಯಜಮಾನರಿಗೆ ಹೇಳಿದ್ದೇನೆ. ಆಟಗಳ ಸೇವ್ ಫೈಲುಗಳನ್ನು ಈಗಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೋ ಎಂದು ಹುಡುಗನಿಗೂ ಹೇಳಿದೆ. ಪರೀಕ್ಷೆ ಮುಗಿಯಲಿ ಅಂಕಲ್ ಎಂದಿದ್ದಾನೆ.